ಒಗೆಯುವ ಕಲ್ಲು

ಬಾರ್ಕೂರಿನಲ್ಲಿ ದಾರಿ ಕೇಳಿದರೆ
ಈಗ ಇಲ್ಲದ್ದನ್ನು ತೋರಿಸಿಯೇ ಹೇಳುತ್ತಾರೆ.
ಕೋಟೆ ದಾಟಿ ಎಡಕ್ಕೆ. ಅಲ್ಲಿ ಕೋಟೆಯಿಲ್ಲ,
ಹುಲ್ಲು, ಎರಡು ಕರು, ಕ್ರಿಕೆಟ್ಟಿಗೆ ನೆಟ್ಟ ಮೂರು ಕೋಲು.
ಮಣಿಗಾರಕೇರಿಯಲ್ಲಿ ಮಣಿ ಮಾರುವವರಿಲ್ಲ,
ಮೊಬೈಲ್ ರಿಪೇರಿಯ ಶಾಬುದ್ದೀನ್ ಇದ್ದಾನೆ,
ಒಡೆದ ಗಾಜಿನ ಮೇಲೆ ಬಗ್ಗಿಕೊಂಡು.

ನನಗಾಗ ಹನ್ನೆರಡು.
ಧಾರವಾಡದ ಕಡೆಯಿಂದ ಒಬ್ಬರು ಬಂದಿದ್ದರು,
ಚೀಲದಲ್ಲಿ ಕಾಗದದ ಸುರುಳಿ, ಒರಟು ಕೂದಲಿನ ಬ್ರಷ್ಷು,
ಮಸಿ ಕುಡಿದ ಬಟ್ಟೆಯ ಉಂಡೆ.
ದಿನಕ್ಕೆ ಹತ್ತು ರೂಪಾಯಿ, ನೀರು ಹೊರುವುದು ನನ್ನ ಕೆಲಸ.
ಮೂರು ದಿನ ಗದ್ದೆಯ ಬದುಗಳಲ್ಲಿ ತಿರುಗಿ
ಸಿಕ್ಕಿದ್ದು ತಲೆಯಿಲ್ಲದ ಒಂದು ಬಸವ, ಒಂದು ನಾಗರಹಾವು.
ಹಾವು ಜೀವಂತ.

ನಾಲ್ಕನೆಯ ಮಧ್ಯಾಹ್ನ
ಅಕ್ಕಣಿ ಪೂಜಾರ್ತಿಯ ಬಾವಿಕಟ್ಟೆಯಲ್ಲಿ ನೀರು ಕೇಳಿದರು.
ಕುಡಿದವರು ಲೋಟ ಕೆಳಗಿಡಲಿಲ್ಲ.
ಅವಳು ಬಟ್ಟೆ ಬಡಿಯುತ್ತಿದ್ದ ಕಲ್ಲಿನ ಬದಿಯಲ್ಲಿ
ಸಾಬೂನಿನ ನೊರೆ ಇಳಿದುಹೋದ ಕಡೆ
ಒಂದು ಅಕ್ಷರದ ಕೊಂಬು ಕಾಣುತ್ತಿತ್ತು.

"ನನ್ನತ್ತೆ ಕಾಲದ್ ಕಲ್ಲ್," ಎಂದಳು.
"ಮಗ್ಚಿ ಕಾಣಿ. ಆದ್ರೆ ಮತ್ತ್ ಅಲ್ಲೇ ಇಡ್ಕ್."

ಆರು ಜನ ಹಾರೆ ಹಾಕಿದರು.
ಎರೆಹುಳು, ಮರಿಚೇಳು, ಕಿಲುಬಿದ ಒಂದು ಎಂಟಾಣೆ,
ಮತ್ತೆ ಸಾಲು ಸಾಲಾಗಿ ಮೊನ್ನೆ ಕೊರೆದಷ್ಟು ಚೂಪಾದ ಅಕ್ಷರ.
ಅತ್ತೆ, ಸೊಸೆ ಬಡಿದದ್ದೆಲ್ಲ ಬೆನ್ನಿಗೆ.
ಮಳೆಗೆ, ಬಿಸಿಲಿಗೆ, ನಮ್ಮಂಥವರ ಕೈಗೆ ಸಿಗದೆ
ಮುಖ ಮಣ್ಣಿನಲ್ಲಿ ಅಡಗಿಕೊಂಡಿತ್ತು.

ಒದ್ದೆ ಕಾಗದ ಹೊದಿಸಿ ಮೆಲ್ಲಗೆ ಬಡಿದರು,
ತೇಗು ಬರಲೆಂದು ಕೂಸಿನ ಬೆನ್ನು ತಟ್ಟುವ ಹಾಗೆ.
ಮಸಿ ಒತ್ತಿದಲ್ಲೆಲ್ಲ ಕಪ್ಪು, ಮಾತು ಮಾತ್ರ ಬಿಳಿ.
ಒಣಗಲು ಅವಳ ಹಗ್ಗಕ್ಕೇ ಹಾಕಿದೆವು:
ಗಂಡನ ಬೈರಾಸು, ಮಗಳ ನೀಲಿ ಯೂನಿಫಾರ್ಮು,
ನಡುವೆ ಆರುನೂರು ವರ್ಷ, ಎರಡು ಕ್ಲಿಪ್ಪು.

ಅವರು ಓದಿದರು. ರಾಜನ ಹೆಸರಿದ್ದಲ್ಲಿ ಚಕ್ಕೆ ಎದ್ದಿತ್ತು.
ಉಳಿದದ್ದು, ಹತ್ತು ಕೇರಿಯ ಹಲರು ಕೂಡಿ ಒಪ್ಪಿದ್ದು:
ಗಾಣಕ್ಕೊಂದು ಸೊಲ್ಲಿಗೆ ಎಣ್ಣೆ, ಆರದ ಒಂದು ದೀಪಕ್ಕೆ.
ಉಪ್ಪಿನ ಹೇರಿಗೆ ಇಷ್ಟು, ಮೆಣಸಿನ ಹೇರಿಗೆ ಇಷ್ಟು.
ಕೊನೆಗೆ ಶಾಪ. ಇದಕ್ಕೆ ಅಳುಪಿದವರು
ಗಂಗೆಯ ತಡಿಯಲ್ಲಿ ಕವಿಲೆಯ ಕೊಂದ ಪಾಪಕ್ಕೆ ಹೋಹರು.

"ಕವಿಲೆ ಅಂದ್ರೆ ಎಂತ?"
"ದನ."
ಅಕ್ಕಣಿ ತನ್ನ ಕೊಟ್ಟಿಗೆಯ ಕಡೆ ನೋಡಿದಳು.
"ಇಪ್ಪತ್ತೊರ್ಷ ಬಡ್ದಿದೆ. ನಂಗ್ ತಟ್ಟಿತಾ?"
ಅವರು ಕನ್ನಡಕ ಒರೆಸಿಕೊಂಡರು.
"ನೀವು ಕಾದದ್ದು, ಅಮ್ಮಾ."
ಅವಳು ನಂಬಿದ ಹಾಗೆ ಕಾಣಲಿಲ್ಲ.
ಮುಚ್ಚಂಜೆಗೆ ಒಂದು ಹಣತೆ ತಂದು ಕಲ್ಲಿನೆದುರು ಇಟ್ಟಳು.
ಅಡುಗೆಯ ಎಣ್ಣೆ. ಸೊಲ್ಲಿಗೆಯಷ್ಟು ಇರಲಿಲ್ಲ,
ಮನೆಯಲ್ಲಿದ್ದದ್ದರಲ್ಲಿ ಅರ್ಧ.

ಮರುವರ್ಷ ಲಾರಿ ಬಂತು.
ಕಲ್ಲಿಗೀಗ ತಗಡಿನ ಮಾಡಿದೆ, ಬೇಲಿ, ನಂಬರು,
ಮುಟ್ಟಬಾರದೆಂದು ಬರೆದ ನೀಲಿ ಫಲಕ.
ಫಲಕದ ಅಕ್ಷರ ಆಗಲೇ ಉದುರುತ್ತಿದೆ.

ಕಲ್ಲು ಎದ್ದ ಕುಳಿಯಲ್ಲಿ ಅವಳು ಬಸಳೆ ನೆಟ್ಟಳು,
ಚಪ್ಪರ ತುಂಬ ಹಬ್ಬಿತು.
ಒಗೆಯಲು ಹಿತ್ತಿಲ ಮೂಲೆಯಿಂದ ಎಳೆಸಿಕೊಂಡದ್ದು
ಮೊದಲಿನದಕ್ಕಿಂತ ಒಂದು ಮೊಳ ಉದ್ದ,
ಮೇಲ್ಮೈ ನುಣುಪು.

ಹೋದ ಏಪ್ರಿಲಿನಲ್ಲಿ, ಎರಡೇ ನಿಮಿಷ ನಿಲ್ಲುವ ರೈಲಿಳಿದು
ಅವಳಲ್ಲಿಗೆ ಹೋಗಿದ್ದೆ.
"ಇದ್ರ್ ಅಡಿ ಬದಿ ಕಂಡಿರ್ಯಾ?" ಎಂದೆ.
ಸೀರೆ ಹಿಂಡುತ್ತಿದ್ದಳು, ಪೂರ್ತಿ ಹಿಂಡಿ, ಕೊಡವಿ,
"ಸುಮ್ನಿರ್ ಮಗ," ಎಂದಳು,
"ಇದಾರೂ ಮಲ್ಕಳ್ಲಿ."