ಞ-ಗೆ ಚಿತ್ರವಿಲ್ಲ

ಕೆರೂರಿನ ನಮ್ಮ ಶಾಲೆಯ ಗೋಡೆಯಲ್ಲಿ
ಕ-ಗೆ ಕಮಲ, ಚ-ಗೆ ಚಮಚ,
ಝ-ಗೆ ಝರಿ. ಝರಿಯನ್ನು ನಮ್ಮ ಮಕ್ಕಳ್ಯಾರೂ ಕಂಡಿಲ್ಲ,
ಇರಲಿ, ನೀಲಿ ಬಣ್ಣವಾದರೂ ಇದೆ.
ಅದರ ಪಕ್ಕ ಞ.
ಚೌಕದೊಳಗೆ ಬರೀ ಸುಣ್ಣ.

'ಇದಕ್ಕ ಯಾರೂ ಇಲ್ಲೇನ್ರಿ, ಅಕ್ಕಾರ?'
ಕೇಳಿದವಳು ಯಂಕವ್ವ, ಹುಲಿಗೆವ್ವನ ಮೊಮ್ಮಗಳು.
ಹದಿನೇಳು ವರ್ಷದ ನೌಕರಿಯಲ್ಲಿ ಯಾರೂ ಕೇಳಿರಲಿಲ್ಲ.
'ಬಾಯಿಪಾಠ ಮಾಡು ಸಾಕು' ಅಂದೆ.

ಒಂದನೇ ಇಯತ್ತೆಗೆ ಬಂದ ದಿನ ಇದೇ ಹುಡುಗಿ
ತುಟಿ ಒಣಗಿಸಿಕೊಂಡು 'ತಣ್ಣಿ, ತಣ್ಣಿ' ಎನ್ನುತ್ತ ನಿಂತಿದ್ದಳು.
ತರಗತಿಗೆ ತರಗತಿಯೇ ಬಿದ್ದುಬಿದ್ದು ನಕ್ಕಿತು.
ನಾನೂ.
ಇದನ್ನು ಬರೆಯದೆಯೂ ಇರಬಹುದಿತ್ತು.
'ನೀರು ಅನ್ನು, ಕೊಡತೀನಿ.'
ಅಂದಳು. ಕುಡಿದಳು.
ಆಮೇಲೆ ಒಂದು ವರ್ಷ ಏನನ್ನೂ ಕೇಳಲಿಲ್ಲ.

ಹುಬ್ಬಳ್ಳಿ ರಸ್ತೆಯ ಬದಿಗೆ ಹುಲಿಗೆವ್ವ
ಕತ್ತಾಳೆ ಎಲೆ ಜಜ್ಜಿ, ನೆನೆಹಾಕಿ, ಹೆರೆದು,
ಬಿಳಿ ನಾರು ತೊಡೆಯ ಮೇಲಿಟ್ಟು
ಅಂಗೈಯಿಂದ ಒಂದೇ ಉಜ್ಜು.
ಕೈ ಆಡುವಾಗ ಅವಳ ಬಾಯಲ್ಲಿ ಒಂದು ಮಾತು,
ಗಿರಾಕಿ ನಿಂತಕೂಡಲೆ ಕನ್ನಡ.

ಜನಗಣತಿಗೆ ಹೋದಾಗ ಅವಳ ಗುಡಿಸಲ ಮುಂದೆ
ಮಾತೃಭಾಷೆಯ ಕಾಲಂ ನಾನೇ ತುಂಬಿದ್ದೆ.
ಕೇಳಲಿಲ್ಲ.
ಕನ್ನಡದಲ್ಲೇ ಚೌಕಾಸಿ ಮಾಡುವವಳನ್ನು ಕೇಳುವುದೇನು?
ಇನ್ನೂ ಹನ್ನೊಂದು ಮನೆ ಉಳಿದಿದ್ದವು, ಪೆನ್ನು ಸುಡುತ್ತಿತ್ತು.

ಬಾದಾಮಿಯ ಲೈಬ್ರರಿಯಲ್ಲಿ, ಬೆನ್ನು ಹರಿದ
ಗಿಡಗಳ ಪುಸ್ತಕವೊಂದರಲ್ಲಿ ಕತ್ತಾಳೆಯ ತವರು ಸಿಕ್ಕಿತು.
ನಮ್ಮ ಬೇಲಿಯದೆಂದೇ ತಿಳಿದಿದ್ದೆ; ಮೆಕ್ಸಿಕೋದಂತೆ.
ಅಲ್ಲೊಂದು ಒಣ ಕಣಿವೆ,
ಇದೇ ಎಲೆ ಹೆರೆದು ಇದೇ ನಾರು ತೆಗೆಯುವ ಜನ.
ಒತೋಮಿ ಅನ್ನುತ್ತಾರೆ. ಅದು ಮಂದಿ ಇಟ್ಟ ಹೆಸರು,
ಕೊರವರು ಎಂದು ನಾವು ಕರೆದ ಹಾಗೆ.
ಅವರು ತಮಗೆ ತಾವೇ ಅಂದುಕೊಳ್ಳುವುದು: ಹ್ಞಾಹ್ಞು.
ಮೂಗಿನಲ್ಲಿ ಆಡುವ ಮಾತು ಎಂದು ಅರ್ಥವಂತೆ.
ಆ ಮಾತಾಡಿದರೆ ಶಾಲೆಯಲ್ಲಿ ಏಟು ಬೀಳುತ್ತಿತ್ತಂತೆ.
ನೀರಿಗೆ ದೆಹೆ.

ದೆಹೆ, ಎಂದೆ ಮೆಲ್ಲಗೆ. ನನ್ನ ಕಿವಿಗೇ ದೇಹ ಎಂದು ಬಿತ್ತು.
ಲೈಬ್ರರಿಯವನು ಪೇಪರ್ ಇಳಿಸಿ ನೋಡಿದ.

ಹ್ಞಾಹ್ಞು.
ಹ್ಞಾಂ, ಹ್ಞೂಂ ಎಂದು ನಿದ್ದೆಗಣ್ಣಲ್ಲೂ ನಾವು ಗೊಣಗುವುದನ್ನು
ಒಂದು ಕುಲವೇ ಹೆಸರಾಗಿ ಉಟ್ಟುಕೊಂಡಂತೆ.
ಕೆಲಸವಿಲ್ಲದ ಅಕ್ಷರ ಎಂದು ನಾನು ದಾಟಿಸುತ್ತಿದ್ದ ಞ
ಅಲ್ಲಿ ಹೊತ್ತು ಮೂಡಿದರೆ ನೀರು ಸೇದುತ್ತದೆ, ಜಗಳಾಡುತ್ತದೆ,
ಮಗುವಿನ ಮೂಗು ಒರೆಸುತ್ತದೆ.

ಸಂಜೆ ಬಸ್ಸಿಳಿದು ನೇರ ಹುಲಿಗೆವ್ವನ ಬಳಿ ಹೋದೆ.
'ನಿಮ್ಮ ಮಾತಿಗೆ ಏನಂತಾರ?'
'ಮಾತಿಗೆ ಮಾತು ಅಂತೀವಿ.
ಬರಕೊಂಡು ಏನ್ಮಾಡ್ತೀರಿ? ಹಗ್ಗ ಬೇಕಾದ್ರ ತಗೋರಿ,
ಮಾರಿಗೆ ಹತ್ತು ರೂಪಾಯಿ.'
ಆ ದೂರದ ಜನರ ಸಂಗತಿ ಹೇಳಿದೆ.
ಅವಳ ಕೈ ನಿಂತಿತು.
'ಅವರೂ ತೊಡಿ ಮ್ಯಾಲೇ ಹೊಸೀತಾರೇನು?'
ಪುಸ್ತಕದಲ್ಲಿ ಅದಿರಲಿಲ್ಲ.
'ಹೊಸದ್ರ, ಪಾಪ, ಅವರ ತೊಡಿನೂ ನುಣ್ಣಗ ಆಗಿರ್ತಾವ ಬಿಡು'
ಎಂದು ನಕ್ಕು, ತನ್ನ ಮಾತಿನಲ್ಲಿ ಇನ್ನೇನೋ ಅಂದಳು,
ನನಗಲ್ಲ, ಹುರಿಗೆ.
ನಾಲ್ಕು ಮಾರು ಹಗ್ಗ ಕೊಂಡೆ. ಕಟ್ಟಲು ನನ್ನಲ್ಲಿ ಎಮ್ಮೆಯಿಲ್ಲ.

ಚೌಕ ಇನ್ನೂ ಖಾಲಿಯೇ ಇದೆ.
ಬಣ್ಣದ ಡಬ್ಬಿ ಒಣಗಿದೆ, ಅನುದಾನ ಬಂದಿಲ್ಲ.
ಸೋಮವಾರ ಬಿಡುವಿನ ಹೊತ್ತಿಗೆ ಯಂಕವ್ವನನ್ನು ಕರೆದು
'ತಣ್ಣಿ ಬೇಕೇನು?' ಅಂದೆ.
ಅವಳು ಮೊದಲು ಬಾಗಿಲ ಕಡೆ ನೋಡಿದಳು.
ಆಮೇಲೆ ನನ್ನ ಬಾಯಿಯನ್ನು.
'ಹಂಗಲ್ರಿ, ಅಕ್ಕಾರ.'
ಇನ್ನೊಮ್ಮೆ ಅಂದೆ.
'ಹಂಗೂ ಅಲ್ರಿ.'
ಮೂರನೇ ಸಲಕ್ಕೆ, ನನ್ನ ಕೈಯಲ್ಲಿದ್ದ ತಂಬಿಗೆ
ತಾನೇ ಇಸಿದುಕೊಂಡಳು.