ಅಡ್ಡಹೆಸರು

ಬೈತಖೋಲದ ಮೀನುಗಾರರ ಸೊಸೈಟಿಯಲ್ಲಿ
ಐಸ್ ಕಾರ್ಖಾನೆಯ ಗೋಡೆಗೆ ಬೆನ್ನು ಹಚ್ಚಿ ಕೂತ
ಒಂದು ಸರ್ವರ್. ಉಪ್ಪುಗಾಳಿಗೆ ಸ್ಕ್ರೂಗಳು ಕೆಂಪಾಗಿವೆ.
ಬೋಟುಗಳ ವಾಯರ್‌ಲೆಸ್ ಮಾತೆಲ್ಲ
ರಾತ್ರಿ ಅದರ ಹೊಟ್ಟೆಗೆ ಬಂದು ಬೀಳುತ್ತದೆ.

ದುರ್ಗೇಕರ ಮಾಸ್ತರು ಬೆಳಿಗ್ಗೆ ಒಂದನ್ನು ತೆರೆದರೆ
ದನಿ ಇಲ್ಲ. ಪರದೆ ತುಂಬ
ಚೌಕ, ಪ್ರಶ್ನಾರ್ಥಕ, ಮುರಿದ ಅಕ್ಷರ,
ಇಳಿತದಲ್ಲಿ ಏಡಿ ತೋಡಿ ಚೆಲ್ಲಿದ ಮರಳಿನ ಗುಳಿಗೆಗಳ ಹಾಗೆ.
'ಭೂತ ಹೊಕ್ಕಿದೆ' ಎಂದರು. ಚಹಾ ತರಿಸಿದರು.

ಭೂತವಲ್ಲ.
ಬರೀ ಅಡ್ಡಹೆಸರು ಓದುವ ಗುಮಾಸ್ತ.
ಚುಕ್ಕಿಯ ಆಚೆಗಿನ ಮೂರಕ್ಷರ ನೋಡಿ
ಇದು ಚಿತ್ರ, ಇದು ಬರಹ, ಇದು ದನಿ ಎಂದು
ಚೀಟಿ ಅಂಟಿಸಿ ಕಳಿಸುತ್ತದೆ.
ಮುಚ್ಚಳ ಎತ್ತಿ ಒಳಗೆ ನೋಡಿದ್ದಿಲ್ಲ.
ಗೊತ್ತಿಲ್ಲದ ಅಡ್ಡಹೆಸರು ಬಂದರೆ
'ಬರಹ' ಎಂದೇ ಬರೆದು ಕೈ ತೊಳೆದುಕೊಳ್ಳುತ್ತದೆ;
ಯಾರೋ ಹಿಂದಿನವರು ಹಾಗೆ ಕಲಿಸಿ ಹೋಗಿದ್ದಾರೆ.

ನಗು ಬಂತು. ನಾನೂ ನಾಯ್ಕ.
ಈ ಜಿಲ್ಲೆಯಲ್ಲಿ ಎಲ್ಲಿ ಹೋದರೂ
ಹೆಸರು ಹೇಳಿದ ಮೇಲೆ ಅರೆಗಳಿಗೆ ಮೌನ,
ಆಮೇಲೆ ಮೆತ್ತಗೆ: 'ಯಾವ ನಾಯ್ಕ?'
ಡ್ಯಾಟ್ ಫೈಲುಗಳದೂ ಇದೇ ಪಾಡು.

ಊಟಕ್ಕೆ ಮುಂಚೆ ಧಕ್ಕೆಗೆ ಇಳಿದೆ.
ಶೇವಂತಿ ತಾಂಡೇಲ ರಾಶಿಯ ಮುಂದೆ ಕುಕ್ಕರಗಾಲಲ್ಲಿ.
ಕಣ್ಣು ಬೇರೆಲ್ಲೋ, ಕೈ ತನ್ನಷ್ಟಕ್ಕೆ ಆರಿಸುತ್ತದೆ:
ಬಂಗಡೆ, ತಾರ್ಲಿ, ನೋಗಲಿ, ಶೆಟ್ಲಿ.
ಅನುಮಾನ ಬಂದರೆ ಕಿವಿರು ಎತ್ತಿ ಮೂಸುತ್ತಾಳೆ.
ಒಂದನ್ನು ಮಾತ್ರ (ಚಪ್ಪಟೆ, ಮೈಮೇಲೆ ನೀಲಿ ಗೀಟು)
ಹಿಡಿದು ತಿರುಗಿಸಿ, ಮತ್ತೆ ತಿರುಗಿಸಿ,
ಯಾವ ಬುಟ್ಟಿಗೂ ಹಾಕದೆ
ಪಕ್ಕದ ಕಲ್ಲಿನ ಮೇಲಿಟ್ಟಳು.
'ಇದೇನು?'
'ಗೊತ್ತಿಲ್ಲ ಬಾಯೆ. ಗೊತ್ತಿಲ್ಲದ್ದನ್ನ
ಬಂಗಡೆ ಅಂತ ಮಾರಲಾ?'

ಒಳಬಂದು ಎರಡೇ ಸಾಲು ಬರೆದೆ.
ಎಎಂಆರ್ ಎಂದರೆ ದನಿ.
ಗುರುತಿಲ್ಲದ್ದೆಲ್ಲ ಕಟ್ಟಿದ ಗಂಟು: ಬಿಚ್ಚದೆ ಕೊಡು,
ಬರಹವೆಂದು ಸುಳ್ಳು ಹೇಳಬೇಡ.
ಆಮೇಲೆ ಇನ್ನೊಂದು, ಬ್ರೌಸರಿಗೆ: ಮೂಸಬೇಡ.
ಇದನ್ನು ಶೇವಂತಿಗೆ ಹೇಳಿದರೆ ಬುಟ್ಟಿ ಎಸೆದಾಳು.

ಮಾಸ್ತರು ಒತ್ತಿದರು.
ಕರಕರ, ಗಾಳಿ, ಇಂಜಿನ್ನಿನ ಗುಡುಗುಡು,
ಅದರ ಮೇಲೆ ಕೊಂಕಣಿಯಲ್ಲಿ ಒಬ್ಬ,
ಕೂರ್ಮಗಡದ ಆಚೆಯಿಂದ, ಮೊನ್ನೆ ಸಂಜೆ:
ಡೀಸೆಲ್ ಉಂಟು, ಬಲೆ ಒಂದು ಹರಿದಿದೆ,
ಮನೆಗೆ ಹೇಳಿ, ಊಟಕ್ಕೆ ಕಾಯಬೇಡಿ.

'ನಿನ್ನೆಯೇ ಬಂದು ಮಲಗಿದ್ದಾನೆ' ಎಂದರು ಮಾಸ್ತರು.
ಹೆಂಡತಿ ಎರಡು ರಾತ್ರಿ ಕಾದಳಂತೆ,
ಬಾಯಿಗೆ ಬಂದಂತೆ ಬೈದಳಂತೆ.

ಸಂಜೆ ನೋಡಿದರೆ ಕಲ್ಲು ಖಾಲಿ.
ಧಕ್ಕೆಯ ಬೆಕ್ಕು ಮೀಸೆ ನೆಕ್ಕುತ್ತಿತ್ತು,
ಹೆಸರು ಕೇಳದೆ.