ನೀರುಳ್ಳಿಯ ಪರೆ

ಬಾಯಾರು ಶಾಲೆಯ ಎಂಟನೇ ಕ್ಲಾಸಿಗೆ
ಒಂದೇ ಸೂಕ್ಷ್ಮದರ್ಶಕ, ನಲ್ವತ್ತೊಂದು ಕಣ್ಣು:
ಇಪ್ಪತ್ತೊಂದು ಮಂದಿ ನಾವು, ಅಶ್ಫಾಕನಿಗೆ
ಕಣ್ಕುಟಿಗೆ ಎದ್ದು ಒಂದು ಮುಚ್ಚಿತ್ತು.

ಪಯ್ಯನ್ನೂರಿನಿಂದ ಬಂದ ಪ್ರಸೀದ ಟೀಚರಿಗೆ
ಕನ್ನಡ ಇನ್ನೂ ಹೊಸ ಚಪ್ಪಲಿ, ಕಚ್ಚುತ್ತಿತ್ತು.
ಹೇಳಿದ್ದಕ್ಕಿಂತ ಮುಟ್ಟಿ ತೋರಿಸಿದ್ದೇ ಹೆಚ್ಚು.
ಕನ್ನಡಿ ಕಿಟಕಿಯ ಕಡೆಗೆ ಓರೆ ಮಾಡು.
ಮೊದಲು ಗಿಡ್ಡ ಮಸೂರ.
ಇಳಿಸುವಾಗ ಬದಿಯಿಂದ ನೋಡು, ಗಾಜು ಒಡೆದೀತು,
ಆಮೇಲೆ ಕಣ್ಣಿಟ್ಟು ಏರಿಸುತ್ತಾ ಬಾ,
ಪತುಕ್ಕೆ, ಪತುಕ್ಕೆ.
ಆ ಒಂದು ಮಾತಿಗೆ ಅವರಿಗೆ ಕನ್ನಡ ಸಿಗಲಿಲ್ಲ,
ನಮಗೆ ಬೇಕಾಗಲೂ ಇಲ್ಲ.

ಹಳೇ ಪೇಪರಿನಿಂದ ಕತ್ತರಿಸಿದ 'ಗ' ಇಟ್ಟೆವು.
ತಲೆಕಟ್ಟು ಕಾಲಡಿಗೆ ಬಂತು,
ಬಲಕ್ಕೆ ಜರುಗಿಸಿದರೆ ಎಡಕ್ಕೆ ಓಡಿತು.
ವಾರಿಜ ಹಟಕ್ಕೆ ಬಿದ್ದು ಒಂದು ಸೊನ್ನೆ ಕತ್ತರಿಸಿ ತಂದಳು,
ಹೇಗಿಟ್ಟರೂ ಅದು ಸೊನ್ನೆ.
ಟೀಚರ್ ಬಗ್ಗಿ ನೋಡಿದರು:
"ಇದು ನನಗೂ ಓದಲು ಬರುತ್ತದೆ."

ಅಡುಗೆಯ ಬೀಪಾತುಮ್ಮ ಕೊಟ್ಟ ಅರ್ಧ ನೀರುಳ್ಳಿ,
ಮಧ್ಯಾಹ್ನದ ಸಾಂಬಾರಿಗೆ ಅಷ್ಟು ಕಡಿಮೆಯಾಯಿತೆಂಬ
ಗೊಣಗಿನ ಸಮೇತ.
ಒಳಮೈಯ ಪರೆ ಎಬ್ಬಿಸಿ, ಸಫ್ರಾನಿನ್ ಒಂದು ಕೆಂಪು ತೊಟ್ಟು,
ತೆಳುಗಾಜು ಓರೆಯಾಗಿ ಇಳಿಸಿ...
ನನ್ನ ಸರದಿ ಬಂದಾಗ ಬೆಲ್ಲಿಗೆ ಆರು ನಿಮಿಷ.

ಮೊದಲು ಕಂಡದ್ದು ಕಪ್ಪು ಕಾಡು,
ನನ್ನದೇ ರೆಪ್ಪೆ.
ಆಮೇಲೆ ದಪ್ಪ ಅಂಚಿನ ಒಂದು ಬಳೆ.
ಕೋಶ! ಎಂದು ಕೂಗಿದೆ.
ಗಾಳಿಗುಳ್ಳೆ, ಎಂದಳು ವಾರಿಜ,
ಆಗಲೇ ನೋಡಿ ಮುಗಿಸಿದವಳು.

ತಿರುಪು ತುಸುವೇ ತುಸು,
ಮಸುಕು ಹರಿದು ಎದ್ದು ನಿಂತಿತು ಗೋಡೆ,
ಅಪ್ಪ ದಿನವಿಡೀ ಕಡಿಯುವ ಮುರಕಲ್ಲಿನದೇ ಬಣ್ಣ,
ಎರಡರ ಸಂದಿಗೆ ಮೂರನೆಯದರ ನಡು,
ಸಿಮೆಂಟಿಲ್ಲ, ನೂಲು ಹಿಡಿದವರಿಲ್ಲ.
ಪ್ರತಿ ಕಲ್ಲಿನೊಳಗೂ ಬದಿಗೆ ಸರಿದ ಒಂದು ಚುಕ್ಕೆ,
ಬಿಸಿಲು ತಪ್ಪಿಸಿ ಕೋರೆಯ ಮೂಲೆಯಲ್ಲಿ
ಬುತ್ತಿ ಬಿಚ್ಚುವ ಅಪ್ಪನ ಹಾಗೆ.

ಪುಸ್ತಕದ್ದಲ್ಲ, ಕಂಡದ್ದನ್ನು ಬರೆ, ಎಂದಿದ್ದರು.
ಹನ್ನೊಂದು ಕಲ್ಲು ಬರೆದೆ, ಅಂಚಿಗೊಂದು ಅರ್ಧಕಲ್ಲು.
ಗೆರೆ ಎಳೆದು ಹೆಸರು ಕೊಟ್ಟೆ:
ಕೋಶಭಿತ್ತಿ, ಕೋಶಕೇಂದ್ರ, ಗಾಳಿಗುಳ್ಳೆ.
ಬಲತುದಿಯಲ್ಲಿ ಬಾಗಿದ ನಾಲ್ಕು ಕಪ್ಪು ಗೀಟು:
ರೆಪ್ಪೆ, ನನ್ನದು.

ಟೀಚರ ಕೆಂಪು ಪೆನ್ನು
ಅಲ್ಲಿ ಬಂದು ತಡೆದು ನಿಂತಿತು,
ಹೊಡೆದು ಹಾಕಲಿಲ್ಲ.